ಮೂತ್ರಮಾರ್ಗ ಬದಲಾವಣೆಯ ನಂತರದ ಅಸ್ಥಿಮೃದುತ್ವ

ಮೂತ್ರವು ಕರುಳಿನ ಮೂಲಕ ಹೊರಹೋಗುವಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹಲವು ವರ್ಷಗಳ ಬಳಿಕ ಕಾಣಿಸಿಕೊಳ್ಳಬಹುದಾದ ಮೂಳೆಯ ಕಾಯಿಲೆಯೇ ಈ ಅಸ್ಥಿಮೃದುತ್ವ ಅಥವಾ ಆಸ್ಟಿಯೋಮಲೇಶಿಯಾ. ಇದರಲ್ಲಿ ಮೂಳೆಯ ಪ್ರೋಟೀನ್ ಚೌಕಟ್ಟು ರಚನೆಯಾಗುತ್ತದೆ. ಆದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಲವಣಗಳು ಸರಿಯಾಗಿ ಸೇರಿಕೊಳ್ಳದೆ ಮೂಳೆ ಮೆತ್ತಗಾಗುತ್ತದೆ. ಆಸ್ಟಿಯೋಪೊರೋಸಿಸ್ ಬೇರೆಯ ಕಾಯಿಲೆ. ಅದರಲ್ಲಿ ಮೂಳೆಯ ಒಟ್ಟು ಪ್ರಮಾಣವೇ ಕುಗ್ಗುತ್ತದೆ. ಬೆಳೆಯುವ ಮಕ್ಕಳಲ್ಲಿ ಇದೇ ತೊಂದರೆಯು ರಿಕೆಟ್ಸ್ ರೂಪದಲ್ಲಿ ಕಾಣಿಸಿಕೊಂಡು ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ.

ಹಿನ್ನೆಲೆ

ಮೂತ್ರಕೋಶವು ಹುಟ್ಟಿನಿಂದಲೇ ಹೊರತೆರೆದುಕೊಂಡಿದ್ದಾಗ ಅಥವಾ ಕ್ಯಾನ್ಸರಿನಿಂದಾಗಿ ಅದನ್ನು ತೆಗೆದುಹಾಕಬೇಕಾದಾಗ ಮೂತ್ರಕ್ಕೆ ಬೇರೊಂದು ದಾರಿ ಬೇಕಾಗುತ್ತದೆ. ಮೂತ್ರಪಿಂಡಗಳಿಂದ ಇಳಿಯುವ ಮೂತ್ರನಾಳಗಳನ್ನು ದೊಡ್ಡಕರುಳಿಗೆ ಸೇರಿಸುವ ಪ್ರಯತ್ನವನ್ನು ಲಂಡನ್ನಿನ ಜಾನ್ ಸೈಮನ್ 1852ರಲ್ಲಿ ವರದಿ ಮಾಡಿದರು. 1911ರಲ್ಲಿ ರಾಬರ್ಟ್ ಕಾಫಿ ಈ ಜೋಡಣೆಯ ವಿಧಾನವನ್ನು ಸುಧಾರಿಸಿದ ನಂತರ ಅದು ವ್ಯಾಪಕವಾಗಿ ಬಳಕೆಗೆ ಬಂದಿತು. 1950ರಲ್ಲಿ ಫೆರಿಸ್ ಮತ್ತು ಓಡೆಲ್ ಅವರು ಇಂತಹ ರೋಗಿಗಳ ರಕ್ತದಲ್ಲಿ ಕ್ಲೋರೈಡ್ ಹೆಚ್ಚಿ ಆಮ್ಲತೆ ಏರುವುದನ್ನು ವಿವರಿಸಿದರು. ಸಣ್ಣಕರುಳಿನ ತುಂಡೊಂದನ್ನು ಬಳಸಿ ಮೂತ್ರವನ್ನು ಹೊಟ್ಟೆಯ ಮೇಲಿನ ರಂಧ್ರದಿಂದ ಹೊರತರುವ ವಿಧಾನವನ್ನು ಯೂಜೀನ್ ಬ್ರಿಕರ್ ಪ್ರಕಟಿಸಿದ್ದೂ ಅದೇ ವರ್ಷ. ಹೊಸ ವಿಧಾನದಲ್ಲಿ ಮೂತ್ರವು ಕರುಳಿನಲ್ಲಿ ಹೆಚ್ಚು ಹೊತ್ತು ನಿಲ್ಲದ ಕಾರಣ ತೊಂದರೆ ಕಡಿಮೆಯಾಯಿತು, ಆದರೆ ಪೂರ್ತಿ ತಪ್ಪಲಿಲ್ಲ.

ಕಾರಣ

ಮೂತ್ರಕೋಶದ ಒಳಪದರವು ಮೂತ್ರವನ್ನು ಬಹುಮಟ್ಟಿಗೆ ಇದ್ದ ಹಾಗೆಯೇ ಹಿಡಿದಿಡುತ್ತದೆ. ಕರುಳಿನ ಸ್ವಭಾವ ಹೀರಿಕೊಳ್ಳುವುದು. ತನ್ನೊಳಗೆ ಬಂದದ್ದು ಮೂತ್ರವೆಂಬ ಭೇದ ಅದಕ್ಕಿಲ್ಲ. ಅದು ಮೂತ್ರದಲ್ಲಿನ ಅಮೋನಿಯಂ ಮತ್ತು ಕ್ಲೋರೈಡನ್ನು ರಕ್ತಕ್ಕೆ ಮರಳಿಸಿ ಬೈಕಾರ್ಬೊನೇಟನ್ನು ಹೊರಬಿಡುತ್ತದೆ. ಹೀಗೆ ಸೇರಿದ ಆಮ್ಲವನ್ನು ಆರೋಗ್ಯವಂತ ಮೂತ್ರಪಿಂಡಗಳು ವರ್ಷಗಟ್ಟಲೆ ನಿಭಾಯಿಸಬಲ್ಲವು. ಪದೇ ಪದೇ ಬರುವ ಸೋಂಕಿನಿಂದಲೋ ವಯಸ್ಸಿನಿಂದಲೋ ಅವು ದುರ್ಬಲವಾದಾಗ ಸಮತೋಲನ ತಪ್ಪುತ್ತದೆ. ಕಾಯಿಲೆ ತಡವಾಗಿ ತಲೆದೋರಲು ಇದೊಂದು ಮುಖ್ಯ ಕಾರಣ.

ಹೆಚ್ಚಿದ ಆಮ್ಲವನ್ನು ತಣಿಸುವ ಹೊರೆ ಆಗ ಮೂಳೆಯ ಮೇಲೆ ಬೀಳುತ್ತದೆ. ಮೂಳೆಯಲ್ಲಿನ ಕಾರ್ಬೊನೇಟ್ ಆಮ್ಲವನ್ನು ತಟಸ್ಥಗೊಳಿಸಲು ವ್ಯಯವಾಗುತ್ತದೆ. ಜೊತೆಗೆ ಬಿಡುಗಡೆಯಾದ ಕ್ಯಾಲ್ಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ವಿಟಮಿನ್ ಡಿ ತನ್ನ ಸಕ್ರಿಯ ರೂಪಕ್ಕೆ ಬದಲಾಗುವ ಕ್ರಿಯೆಗೂ ಆಮ್ಲತೆ ಅಡ್ಡಿಯಾಗುತ್ತದೆ. ಸಣ್ಣಕರುಳಿನ ಕೊನೆಯ ಭಾಗವನ್ನು ಹೆಚ್ಚಾಗಿ ಕತ್ತರಿಸಿ ಬಳಸಿದ್ದರೆ ಆಹಾರದ ಕೊಬ್ಬು ಮತ್ತು ವಿಟಮಿನ್ ಡಿ ಹೀರಿಕೆಯೂ ತಗ್ಗಬಹುದು.

ಲಕ್ಷಣಗಳು ಮತ್ತು ಪತ್ತೆ

ಸೊಂಟ, ತೊಡೆ ಮತ್ತು ಪಕ್ಕೆಲುಬುಗಳಲ್ಲಿ ಮಂದವಾದ ನೋವು, ಕುಳಿತಲ್ಲಿಂದ ಏಳಲು ಕಷ್ಟ, ಮೆಟ್ಟಿಲು ಹತ್ತಲಾರದಷ್ಟು ತೊಡೆಯ ಸ್ನಾಯುಗಳ ನಿಶ್ಶಕ್ತಿ, ಬಾತುಕೋಳಿಯಂತೆ ಓಲಾಡುವ ನಡಿಗೆ ಇದರ ಲಕ್ಷಣಗಳು. ಇವನ್ನು ಸಂಧಿವಾತವೆಂದೋ ಮುಪ್ಪೆಂದೋ ಭಾವಿಸುವುದು ಸುಲಭ. ಬಾಲ್ಯದಲ್ಲಾದ ಶಸ್ತ್ರಚಿಕಿತ್ಸೆಯನ್ನು ಕಾಲುನೋವಿಗೆ ಬಂದ ರೋಗಿ ಹೇಳದಿರಬಹುದು, ವೈದ್ಯರೂ ಕೇಳದಿರಬಹುದು. ಹಾಗಾದರೆ ವಾಸಿಯಾಗಬಲ್ಲ ಕಾಯಿಲೆಯೊಂದು ಗುರುತಾಗದೆ ಉಳಿದು, ಮೂಳೆ ಮುರಿಯುವ ಹಂತ ತಲುಪಬಹುದು.

ರಕ್ತದಲ್ಲಿ ಬೈಕಾರ್ಬೊನೇಟ್ ಕಡಿಮೆ, ಕ್ಲೋರೈಡ್ ಹೆಚ್ಚು ಇರುವುದು ಮೊದಲ ಸುಳಿವು. ಆಲ್ಕಲೈನ್ ಫಾಸ್ಫಟೇಸ್ ಸಾಮಾನ್ಯವಾಗಿ ಏರಿರುತ್ತದೆ, ಫಾಸ್ಫೇಟ್ ತಗ್ಗಿರಬಹುದು. ಕ್ಯಾಲ್ಸಿಯಂ ಸಹಜ ಮಟ್ಟದಲ್ಲಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು. ಎಕ್ಸ್‌-ರೇಯಲ್ಲಿ ಲೂಸರ್ ವಲಯಗಳೆಂಬ ಅರೆಬಿರುಕಿನಂತಹ ಗೆರೆಗಳು ಕಾಣಬಹುದು. ಸಂದೇಹ ಉಳಿದರೆ ಮೂಳೆಯ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ.

ಚಿಕಿತ್ಸೆ

ಆಮ್ಲತೆಯನ್ನು ಸರಿಪಡಿಸುವುದೇ ಚಿಕಿತ್ಸೆಯ ತಿರುಳು. ಇದಕ್ಕೆ ಸೋಡಿಯಂ ಬೈಕಾರ್ಬೊನೇಟ್ ಅಥವಾ ಸಿಟ್ರೇಟ್ ಲವಣಗಳನ್ನು ಕೊಡುತ್ತಾರೆ. ಅಷ್ಟರಿಂದಲೇ ಮೂಳೆ ಚೇತರಿಸಿಕೊಂಡ ರೋಗಿಗಳಿದ್ದಾರೆ. ಅಗತ್ಯವಿದ್ದವರಿಗೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸೇರಿಸಲಾಗುತ್ತದೆ. ಇಂತಹ ರೋಗಿಗಳಲ್ಲಿ ಪೊಟ್ಯಾಸಿಯಂ ಕೂಡ ತಗ್ಗಿರುವುದುಂಟು. ಅದನ್ನು ಗಮನಿಸದೆ ಆಮ್ಲತೆಯನ್ನಷ್ಟೇ ಬೇಗ ಇಳಿಸಿದರೆ ಪೊಟ್ಯಾಸಿಯಂ ಇನ್ನೂ ಕುಸಿದು ಹೃದಯದ ಲಯಕ್ಕೆ ಅಪಾಯವಾಗಬಹುದು. ಆದ್ದರಿಂದ ಈ ಔಷಧಗಳನ್ನು ವೈದ್ಯರ ನಿಗಾ ಇಲ್ಲದೆ ಸೇವಿಸಬಾರದು.

ಮೂತ್ರನಾಳಗಳನ್ನು ನೇರವಾಗಿ ದೊಡ್ಡಕರುಳಿಗೆ ಜೋಡಿಸುವುದು ಈಗ ವಿರಳ. ಹಿಂದೆ ಮಾಡಿಸಿಕೊಂಡವರಿಗೆ ಮಾತ್ರ ಜೀವನಪರ್ಯಂತ ತಪಾಸಣೆ ಅಗತ್ಯ. ರಕ್ತಪರೀಕ್ಷೆಯ ಜೊತೆಗೆ, ಜೋಡಣೆಯ ಸ್ಥಳದಲ್ಲಿ ಗೆಡ್ಡೆ ಬೆಳೆಯುವ ಸಂಭವವಿರುವುದರಿಂದ ದೊಡ್ಡಕರುಳಿನ ದರ್ಶಕ ಪರೀಕ್ಷೆಯನ್ನೂ ಕಾಲಕಾಲಕ್ಕೆ ಮಾಡಲಾಗುತ್ತದೆ.