ಮರಕ್ಕೊರಗಿದ ಕೋವಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೆವಾಡಾ ಪ್ರಾಂತದಲ್ಲಿ ಗ್ರೇಟ್ ಬೇಸಿನ್ ಎಂಬ ರಾಷ್ಟ್ರೀಯೋದ್ಯಾನವುಂಟು. 2014ನೆಯ ಇಸವಿ ನವೆಂಬರಿನಲ್ಲಿ ಅಲ್ಲಿಯ ಪುರಾತತ್ತ್ವಾನ್ವೇಷಕರಿಗೆ ಜೂನಿಪರ್ ಮರವೊಂದಕ್ಕೆ ಒರಗಿಸಿದ್ದ ವಿಂಚೆಸ್ಟರ್ ಕೋವಿಯೊಂದು ಕಾಣಿಸಿತು. ಅದು 1873ರ ಮಾದರಿಯದು. ಕೆಳಗಿನ ಸನ್ನೆಯನ್ನು ಮುಂದಕ್ಕೊತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟೆ ಹೊರಬಿದ್ದು ಹೊಸತು ನಳಿಗೆಗೇರುವುದು. ಮೈಮೇಲಿನ ಅಂಕಿಯನ್ನು ಕಾರ್ಖಾನೆಯ ದಫ್ತರದೊಡನೆ ಹೋಲಿಸಲಾಗಿ, 1882ರಲ್ಲಿ ತಯಾರಾದುದೆಂದು ತಿಳಿಯಿತು. ಆ ವರ್ಷ ಇಂಥವು 25,000ಕ್ಕೂ ಮಿಕ್ಕಿ ಹುಟ್ಟಿದ್ದವು. ಬೆಲೆಯೂ 50 ಡಾಲರಿನಿಂದ 25ಕ್ಕೆ ಇಳಿದಿತ್ತು. ಸಾಮಾನ್ಯರ ಕೈಗೆಟುಕುವ ಸಾಮಾನಿನ ಒಡೆಯನ ಹೆಸರು ಉಳಿಯದಿದ್ದುದು ಆಶ್ಚರ್ಯವಲ್ಲ.

ವಯೋಮಿಂಗ್ ಪ್ರಾಂತದ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಪರೀಕ್ಷೆ ನಡೆಯಿತು. ನಳಿಗೆಗೆ ತುಕ್ಕು ಹಿಡಿದಿತ್ತು. ಹಿಡಿಯ ಮರ ಬಿಸಿಲುಗಾಳಿಗೆ ಬೂದುಬಣ್ಣವಾಗಿ ಸೀಳುಬಿಟ್ಟಿತ್ತು. ಒಳಗೆ ಗುಂಡಿದ್ದರೆ ಅಪಾಯವಲ್ಲವೆ? ಆದಕಾರಣ ರೋಗಿಗೆ ಮಾಡುವಂತೆ ಆಸ್ಪತ್ರೆಯಲ್ಲಿ ಕ್ಷ-ಕಿರಣದ ಚಿತ್ರ ತೆಗೆಯಿಸಿದರು. ನಳಿಗೆ ಬರಿದಾಗಿತ್ತು; ಹಿಡಿಯೊಳಗಿನ ಪೊಟರೆಯಲ್ಲಿ ಮಾತ್ರ ಒಂದು ತೋಟೆ ಅಡಗಿತ್ತು. ಅದು 1887ರಿಂದ 1911ರೊಳಗೆ ಮಾಡಿದುದು. ಎಂದ ಮೇಲೆ ಕೋವಿಯು ಕಾರ್ಖಾನೆ ಬಿಟ್ಟ ವರ್ಷವೇ ಮರದಡಿ ಸೇರಿತೆಂಬ ಊಹೆ ನಿಲ್ಲಲಾರದು.

ಇನ್ನು ದುರಸ್ತಿ. ಬಂದೂಕಿನ ವರ್ತಕನಾದರೆ ಉಜ್ಜಿ ಹೊಳಪೇರಿಸಿ ಹೊಸ ಹಿಡಿ ಕೂಡಿಸುತ್ತಿದ್ದನು. ಚರಿತ್ರೆಯ ಅರ್ಧ ಅಲ್ಲಿಗೆ ಅಳಿಯುತ್ತಿತ್ತು. ಇವರು ಉದುರುತ್ತಿದ್ದ ಮರದ ಚಕ್ಕೆಗಳನ್ನು ಅಂಟಿನಿಂದ ಭದ್ರಪಡಿಸಿ, ಕೋವಿಯನ್ನು ಅದೇ ಬೂದುಮೈಯಲ್ಲಿ ನೆವಾಡಾಕ್ಕೆ ಮರಳಿಸಿದರು.