ವ್ಯಾಂಕೂವರಿನ ಮೂರು ಯಂತ್ರಗಳು

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಅಂತರಜಾಲ ಸಂಚಾರಕ್ಕೆ ಯಾವುದು ಹೆಚ್ಚು ಸುರಕ್ಷಿತವೆಂಬ ಚರ್ಚೆ ಬಹುಕಾಲ ಅಭಿಮಾನದ ಬಲದಿಂದಲೇ ನಡೆದು, 2008ರ ಮಾರ್ಚ್ ತಿಂಗಳಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಯಂತ್ರಗಳೊಳಗೆ ನುಗ್ಗಿ ತೋರಿಸುವ ಸ್ಪರ್ಧೆಯೊಂದರಲ್ಲಿ ಬಹಿರಂಗ ಪರೀಕ್ಷೆಗೆ ಒಳಗಾಯಿತು.

ಅಲ್ಲಿ ಸ್ಪರ್ಧೆಗಿಳಿದ ವ್ಯವಸ್ಥೆಗಳ ಕುಲ ಬೇರೆಬೇರೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸನ್ನು ಕಟ್ಟತೊಡಗಿದಾಗ, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದು ವಾಡಿಕೆಯಾಗಿದ್ದುದರಿಂದ, ಒಬ್ಬನ ಕಡತ ಮತ್ತೊಬ್ಬನ ಕೈಗೆ ಸಿಗದಂತೆ ಗೋಡೆ ಎಬ್ಬಿಸುವುದು ಅಗತ್ಯವಾಯಿತು. ಮ್ಯಾಕ್ ಓಎಸ್ ಟೆನ್ ಆ ವಂಶದ್ದು, ಲಿನಕ್ಸ್ ಅದೇ ಮಾದರಿಯಲ್ಲಿ ರಚಿತವಾದುದು. ಏಕೈಕ ಬಳಕೆದಾರನನ್ನೇ ಕಲ್ಪಿಸಿಕೊಂಡ 1981ರ ಎಂಎಸ್-ಡಾಸ್‌ಗೆ ಗೋಡೆ ಬೇಕೆನಿಸಲಿಲ್ಲ; ವಿಂಡೋಸ್ 95 ಆ ಸ್ವಭಾವವನ್ನು ಹೊತ್ತೇ ಜಾಲಕ್ಕೆ ಕಾಲಿಟ್ಟಿತು. 2001ರ ಎಕ್ಸ್‌ಪಿಯಲ್ಲಿ ಗೋಡೆಯಿದ್ದರೂ ಮನೆಯ ಬಳಕೆದಾರರು ಸಾಮಾನ್ಯವಾಗಿ ಆಡಳಿತಾಧಿಕಾರದಿಂದಲೇ ಕೆಲಸ ಮಾಡುತ್ತಿದ್ದುದರಿಂದ ಅದು ಇದ್ದೂ ಇಲ್ಲದಂತಾಯಿತು. 2003ರ ಬ್ಲಾಸ್ಟರ್ ಹುಳು, ಯಾವ ಪುಟವನ್ನೂ ತೆರೆಯದೆ ಸುಮ್ಮನೆ ಜಾಲಕ್ಕೆ ಸೇರಿಕೊಂಡಿದ್ದ ಯಂತ್ರಗಳನ್ನೂ ಹೊಕ್ಕಿತು. ಮರುವರ್ಷ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಫೈರ್‌ವಾಲನ್ನು ತಾನೇ ಚಾಲೂ ಮಾಡಿಕೊಟ್ಟಿತು.

ಆ ಪಾಠ ಫಲಿಸಿತ್ತೆಂಬುದಕ್ಕೆ ವ್ಯಾಂಕೂವರಿನ ಮೊದಲ ದಿನವೇ ಸಾಕ್ಷಿ: ಜಾಲದ ಮೂಲಕ ನೇರವಾಗಿ ದಾಳಿಮಾಡಿ ವಿಂಡೋಸ್ ವಿಸ್ಟಾ, ಮ್ಯಾಕ್, ಲಿನಕ್ಸಿನ ಒಂದು ರೂಪವಾದ ಉಬುಂಟು ಈ ಮೂರರಲ್ಲಿ ಒಂದನ್ನೂ ಯಾರೂ ಗೆಲ್ಲಲಿಲ್ಲ. ಎರಡನೆಯ ದಿನ ನಿಯಮ ಸಡಿಲವಾಗಿ, ದಾಳಿಕಾರನು ಸೂಚಿಸಿದ ಪುಟವನ್ನು ತೀರ್ಪುಗಾರರು ತೆರೆಯಬಹುದೆಂದಾಯಿತು. ಸ್ಪರ್ಧಿ ಚಾರ್ಲಿ ಮಿಲ್ಲರ್ ಹೇಳಿದ ಪುಟವನ್ನು ಮ್ಯಾಕ್‌ಬುಕ್ ಏರ್‌ನ ಸಫಾರಿ ಬ್ರೌಸರಿನಲ್ಲಿ ತೆರೆದು ಎರಡು ನಿಮಿಷ ಕಳೆಯುವುದರೊಳಗೆ ಆ ಯಂತ್ರ ಅವನ ವಶವಾಯಿತು. ಮೂರನೆಯ ದಿನ ವಿಸ್ಟಾ ಬಿದ್ದಿತು, ಅದೂ ಅಡೋಬಿಯ ಫ್ಲ್ಯಾಶ್‌ನಲ್ಲಿದ್ದ ದೋಷದಿಂದ. ಉಬುಂಟು ಉಳಿಯಿತು.

ಲಿನಕ್ಸೇ ಶ್ರೇಷ್ಠವೆಂದು ಇದರಿಂದ ತೀರ್ಮಾನಿಸುವುದು ಆತುರವೆಂದು ನನ್ನ ಅಭಿಪ್ರಾಯ. ಪುರಾತನವಾದ ಆ ಗೋಡೆ ಬಳಕೆದಾರನಿಗೂ ಬಳಕೆದಾರನಿಗೂ ನಡುವಿನದು. ಪುಟದ ಮೂಲಕ ಒಳಬಂದ ಅಪರಿಚಿತನಾದರೋ ಬಳಕೆದಾರನ ಹೆಸರಿನಲ್ಲಿಯೇ, ಅವನ ಅಧಿಕಾರದಿಂದಲೇ ವರ್ತಿಸುವವನು. ಪತ್ರ, ಭಾವಚಿತ್ರ, ಬ್ಯಾಂಕಿನ ಪಾಸ್‌ವರ್ಡ್ ಇವೆಲ್ಲ ಬಳಕೆದಾರನ ಸ್ವತ್ತೇ ಆದುದರಿಂದ, ಕದಿಯುವವನಿಗೆ ಸರ್ವಾಧಿಕಾರದ ‘ರೂಟ್’ ಪದವಿಯೇ ಬೇಕಾಗಿರಲಿಲ್ಲ.

ಈ ಕೊರತೆಯನ್ನು ತುಂಬುವ ಯತ್ನ ನಡೆದುದು ಬ್ರೌಸರಿನೊಳಗೆ. 2008ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್, ಪುಟವನ್ನು ಓದಿ ಚಿತ್ರಿಸುವ ಭಾಗವನ್ನು ಪ್ರತ್ಯೇಕಿಸಿ, ಅದಕ್ಕೆ ಬಳಕೆದಾರನ ಕಡತಗಳನ್ನು ಮುಟ್ಟುವ ಅಧಿಕಾರವನ್ನು ಕೊಡದೆ ಸ್ಯಾಂಡ್‌ಬಾಕ್ಸಿನಲ್ಲಿ ಇರಿಸಿತು. ಮುಂದಿನ ವರ್ಷದ ವ್ಯಾಂಕೂವರ್ ಸ್ಪರ್ಧೆಯಲ್ಲಿ ಸಫಾರಿ, ಫೈರ್‌ಫಾಕ್ಸ್, ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೂರೂ ಸೋತುವು, ಕ್ರೋಮ್ ಸೋಲಲಿಲ್ಲ.