ಮಕ್ಕಳ ಕತೆಗಳಲ್ಲಿ ಆಳು ಮತ್ತು ಒಡೆಯ

ಅಣ್ಣಾ ನಗರದ ನಮ್ಮ ಮನೆಗಳಲ್ಲಿ ಮಕ್ಕಳ ನಾಲಿಗೆಯ ಮೇಲೆ ಕನ್ನಡ ಉಳಿದಿರುವುದು ಬಹುಮಟ್ಟಿಗೆ ಕತೆಗಳಿಂದ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ರಾತ್ರಿ ಊಟವಾದ ಮೇಲೆ ಅಜ್ಜಿ ಹೇಳುವ ಕತೆ ಮಾತ್ರ ಕನ್ನಡದಲ್ಲಿ. ನಮ್ಮಲ್ಲಿ ಹಲವರು ಅಕ್ಷರ ಕೂಡಿಸಿ ಓದಲು ಕಲಿತದ್ದು ‘ಚಂದಮಾಮ’ದಿಂದ. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೂ ಬಂದ ಆ ಪತ್ರಿಕೆ ಬಹುಕಾಲ ಅಚ್ಚಾಗುತ್ತಿದ್ದುದು ಇಲ್ಲಿಗೆ ಸಮೀಪದ ವಡಪಳನಿಯಲ್ಲಿಯೇ ಎಂಬುದು ನಮಗೆ ಹೆಮ್ಮೆಯ ವಿಷಯ.

ಆದರೆ ನಾವು ಕೇಳಿ ಬೆಳೆದ ಕತೆಗಳನ್ನು ಈಗ ಮತ್ತೊಮ್ಮೆ ನೆನೆಯೋಣ. ರಾಜನ ಸಿಂಹಾಸನದ ಹಿಂದೆ ದಾಸಿಯರು ಚಾಮರ ಬೀಸುತ್ತ ನಿಂತಿರುತ್ತಾರೆ. ಅವರಿಗೆ ಹೆಸರಿಲ್ಲ, ತಾಯಿತಂದೆಯರಿಲ್ಲ. ರಾಕ್ಷಸನೆಂದರೆ ಕಪ್ಪು ಮೈ, ಗುಂಗುರು ಕೂದಲು. ರಾಜಕುಮಾರಿಯೆಂದರೆ ಹಾಲಿನಂಥ ಬಿಳುಪು. ಇದೆಲ್ಲ ಬರಿಯ ಕತೆ ಎಂದು ತಳ್ಳಿಹಾಕುವಂತಿಲ್ಲ. ಮಗು ಮೊದಲು ಕಲಿಯುವ ಲೋಕವ್ಯವಹಾರವೇ ಅದು.

ಗುಲಾಮಗಿರಿ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಅಮೆರಿಕದ ಹತ್ತಿಯ ತೋಟ, ಅಬ್ರಹಾಂ ಲಿಂಕನ್. ಅದು ನಮ್ಮ ಮನೆಯ ಹಿತ್ತಿಲಿನಲ್ಲಿಯೂ ಇತ್ತೆಂಬುದನ್ನು ಅವರಿಗೆ ಯಾರೂ ಹೇಳಿಲ್ಲ. 1799ರಲ್ಲಿ ಕನ್ನಡ ಕರಾವಳಿ ಕಂಪನಿ ಸರಕಾರದ ವಶವಾಗಿ, ಮುಂದೆ ಮದರಾಸು ಪ್ರಾಂತದ ಜಿಲ್ಲೆಯಾಯಿತು. 1801ರಲ್ಲಿ ಅಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಮೂಲದಾಳುಗಳೆಂದು ಕರೆಸಿಕೊಳ್ಳುತ್ತಿದ್ದ ಇವರನ್ನು ಒಡೆಯರು ಮಾರಬಹುದಾಗಿತ್ತು. 1843ರ ಐದನೆಯ ಕಾಯಿದೆ ಗುಲಾಮರ ಮೇಲಿನ ಒಡೆತನಕ್ಕೆ ನ್ಯಾಯಾಲಯಗಳ ಮಾನ್ಯತೆಯನ್ನು ತೆಗೆದುಹಾಕಿತು. 1862ರಿಂದ ಜಾರಿಗೆ ಬಂದ ದಂಡ ಸಂಹಿತೆ ಅದನ್ನು ಅಪರಾಧವೆಂದಿತು. ಆದರೂ ಸಾಲದ ಹೆಸರಿನಲ್ಲಿ ಜೀತ ಉಳಿಯಿತು. ಜೀತವನ್ನು ದೇಶದಾದ್ಯಂತ ರದ್ದುಗೊಳಿಸುವ ಕಾಯಿದೆ ಬಂದದ್ದು 1976ರಲ್ಲಿ. ನಮ್ಮಲ್ಲಿ ಅನೇಕರು ಆಗ ಶಾಲೆಗೆ ಹೋಗುತ್ತಿದ್ದೆವು.

ಇನ್ನು ಬಣ್ಣದ ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಗಳ ಕಾಡಂಚಿನಲ್ಲಿ ಸಿದ್ದಿಗಳು ನೆಲೆಸಿದ್ದಾರೆ. ಪೋರ್ಚುಗೀಸರು ಆಫ್ರಿಕದ ಪೂರ್ವ ಕರಾವಳಿಯಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವರು ಅವರ ಸಂತತಿ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಕೊಂಕಣಿ, ಕನ್ನಡ ಆಡುತ್ತಾರೆ. ಶತಮಾನಗಳು ಕಳೆದರೂ ಪೇಟೆಗೆ ಬಂದ ಸಿದ್ದಿ ಹುಡುಗನನ್ನು ‘ಯಾವ ದೇಶದವನು’ ಎಂದು ಕೇಳುವವರಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು.

ಕತೆಗೆ ಒದಗುವ ವೀರರೂ ಇದೇ ಚರಿತ್ರೆಯಲ್ಲಿದ್ದಾರೆ. ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟುತ್ತ ದಖ್ಖನಿಗೆ ಬಂದ ಮಲಿಕ್ ಅಂಬರ್ ಅಹಮದನಗರದ ಆಡಳಿತವನ್ನೇ ಹಿಡಿದು, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರಿಗೆ ಸಿಂಹಸ್ವಪ್ನನಾಗಿದ್ದ. ನಮ್ಮ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಿದ್ದ. ಆತನ ಕಪ್ಪು ಮುಖದ ಗಂಭೀರ ಚಿತ್ರಗಳು ಇಂದಿಗೂ ಉಳಿದಿವೆ. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ?

ಹಾಗೆಂದು ವೀರರ ಕತೆಯೊಂದೇ ಸಾಲದು. ಸಾವಿರ ಮಂದಿಯಲ್ಲಿ ಒಬ್ಬ ಮಂತ್ರಿಯಾದರೆ ಉಳಿದವರ ಪಾಡೇನು ಎಂಬುದನ್ನೂ ಮಗು ತಿಳಿಯಬೇಕು. ಇಲ್ಲಿ ನಮ್ಮ ಕತೆಗಾರರು ಸಾಮಾನ್ಯವಾಗಿ ಹಿಡಿಯುವ ದಾರಿ ನಿಷ್ಠಾವಂತ ಸೇವಕನದು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ಆಳು ಪ್ರಾಣ ಕೊಡುತ್ತಾನೆ, ಒಡೆಯ ಕಣ್ಣೀರಿಡುತ್ತಾನೆ, ಕತೆ ಮುಗಿಯುತ್ತದೆ. ಆದರೆ ಆ ಮನೆಯ ಅನ್ನ ಯಾರ ಬೆವರಿನಿಂದ ಬೆಳೆದದ್ದು? ಉಪ್ಪಿನ ಋಣ ಯಾರದು ಯಾರ ಮೇಲೆ? ಈ ಪ್ರಶ್ನೆ ಕೇಳದ ಕತೆ ಮಗುವಿಗೆ ಅರ್ಧ ಸತ್ಯವನ್ನೇ ಉಣಿಸುತ್ತದೆ.

ಶಿವರಾಮ ಕಾರಂತರು 1933ರ ‘ಚೋಮನ ದುಡಿ’ಯಲ್ಲಿ ಮಾಡಿದ್ದು ಬೇರೆ. ಚೋಮನಿಗೆ ಒಂದು ಆಸೆಯಿದೆ: ತನ್ನದೆನ್ನುವ ತುಂಡು ಭೂಮಿ ಉಳಬೇಕು. ಆಳಿಗೂ ಆಸೆಯಿರುತ್ತದೆ ಎಂಬುದೊಂದು ತಿಳಿದರೆ ಅವನು ಆಳಾಗಿ ಉಳಿಯುವುದಿಲ್ಲ, ಮನುಷ್ಯನಾಗುತ್ತಾನೆ. ಆ ಕಾದಂಬರಿ ಮಕ್ಕಳದಲ್ಲ. ಅದರ ದುಃಖ ಎಳೆಯರಿಗೆ ಭಾರವಾದೀತು. ಆದರೆ ‘ಬಾಲಪ್ರಪಂಚ’ವನ್ನೂ ಬರೆದ ಆ ಲೇಖಕರಿಂದ ನಾವು ಕಲಿಯಬೇಕಾದ ಪಾಠ ಇದೇ. ಕ್ರೌರ್ಯದ ಎಲ್ಲ ವಿವರಗಳನ್ನೂ ಆರು ವರ್ಷದ ಕೂಸಿಗೆ ಹೇಳಬೇಕಾಗಿಲ್ಲ. ಹೆಸರು, ತಾಯಿ, ಆಸೆ ಇವಿಷ್ಟನ್ನು ಆಳಿಗೂ ಕೊಟ್ಟರೆ ಸಾಕು. ಹತ್ತು ದಾಟಿದ ಮೇಲೆ ಉಳಿದುದನ್ನು ಮರೆಮಾಚದೆ ಹೇಳಬಹುದು.

ಇನ್ನೊಂದು ಎಚ್ಚರ. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರನ್ನು ನಾವು ಮರೆಯಬಾರದು. ಅವರ ಮಗಳು ರಾಧಾಬಾಯಿ, ಮದರಾಸಿನ ಪ್ರಧಾನಿಯಾಗಿದ್ದ ಡಾ. ಸುಬ್ಬರಾಯನ್ ಅವರ ಪತ್ನಿ. ಹೀಗಾಗಿ ಈ ಊರಿಗೂ ಆ ಮನೆತನಕ್ಕೂ ನಂಟು. ಆದರೆ ಕತೆ ಹೇಳುವಾಗ ಶಾಲೆ ಕಟ್ಟಿದ ಪುಣ್ಯಾತ್ಮರನ್ನಷ್ಟೇ ಹೊಗಳಿ ನಿಲ್ಲಿಸಬಾರದು. ಊರು ಬೇಡವೆಂದರೂ ಸ್ಲೇಟು ಹಿಡಿದು ಆ ಶಾಲೆಗೆ ಬಂದ ಮಗುವಿನ ಧೈರ್ಯವೂ ಕತೆಯೇ.

ಹೊರನಾಡಿನಲ್ಲಿರುವ ನಾವು ‘ನಿಮ್ಮ ಊರು ಯಾವುದು’ ಎಂಬ ಪ್ರಶ್ನೆಯನ್ನು ದಿನವೂ ಕೇಳುತ್ತೇವೆ. ಆದರೆ ನಾವು ಉದ್ಯೋಗ ಅರಸಿ, ರೈಲಿನ ಟಿಕೇಟು ಕೊಂಡು ಬಂದವರು. ಬೇಕೆಂದಾಗ ಬೆಂಗಳೂರಿನ ಗಾಡಿ ಹತ್ತಬಲ್ಲೆವು. ಹಡಗಿನಲ್ಲಿ ಕಟ್ಟಿ ತಂದವರಿಗೆ ಆ ದಾರಿಯಿರಲಿಲ್ಲ. ಈ ವ್ಯತ್ಯಾಸವನ್ನು ನಮ್ಮ ಮಕ್ಕಳಿಗೆ ತಿಳಿಸಿಕೊಡುವ ಕತೆಗಳು ನಮಗೆ ಬೇಕು. ಅಂಥವು ಅಂಗಡಿಯಲ್ಲಿ ಸಿಗುವ ತನಕ ಮನೆಯಲ್ಲಿಯೇ ಆರಂಭಿಸಬಹುದು. ಇಂದು ರಾತ್ರಿ ರಾಜನ ಕತೆ ಹೇಳುವಾಗ, ಚಾಮರ ಬೀಸುವ ಆ ಹುಡುಗಿಗೂ ಒಂದು ಹೆಸರಿಡೋಣ. ಅವಳು ಎಲ್ಲಿಂದ ಬಂದಳೆಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಹೇಳಲು ನಾವು ಸಿದ್ಧರಿರಬೇಕು.